ಕನಸಿನ ಹರಿಗೋಲು

ಕನಸಿನಲ್ಲಿ ಕಂಡ ದೋಣಿಗೆ ಅರ್ಥ ಹೇಳುವವರು ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಎಂಥ ದೋಣಿ? ಮಲ್ಪೆಯ ಮೀನುಗಾರನ ಕನಸಿಗೆ ಬರುವ ದೋಣಿಗೆ ಚೂಪಾದ ಮುಂತುದಿ ಇದೆ, ಎಂಜಿನ್ನಿದೆ, ಎದುರಿಗೆ ಕಡಲಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಬಂಡೆಗಾಡಿನವರಿಗೆ ಕಡಲು ದೂರ. ಇಲ್ಲಿನ ನೀರೆಂದರೆ ನಂದಿಬೆಟ್ಟದಲ್ಲಿ ಹುಟ್ಟಿ ಇಳಿದು ಬರುವ ಅರ್ಕಾವತಿ, ಅದರ ದಾರಿಯ ಮಂಚನಬೆಲೆ ಮತ್ತು ಹಾರೋಬೆಲೆ ಜಲಾಶಯಗಳು, ಚನ್ನಪಟ್ಟಣದ ಹತ್ತಿರ 1946ರಲ್ಲಿ ಕಟ್ಟಿದ ಕಣ್ವ ಜಲಾಶಯ, ಊರೂರಿನ ಕೆರೆಗಳು. ದೋಣಿ ನಿತ್ಯದ ಸಾಧನವಾಗಿರುವ ಜಾಗ ಇಲ್ಲಿ ಅಪರೂಪ. ಅಂಥದೊಂದು ಜಾಗ ಕನಕಪುರ ತಾಲ್ಲೂಕಿನ ಸಂಗಮ, ಅಂದರೆ ಅರ್ಕಾವತಿ ಕಾವೇರಿಯನ್ನು ಸೇರುವ ಸ್ಥಳ. ಮೇಕೆದಾಟಿಗೆ ಹೊರಟವರು ಅಲ್ಲಿ ಹೊಳೆ ದಾಟಬೇಕು. ನೀರು ಇಳಿದಿದ್ದರೆ ಕಾಲ್ನಡಿಗೆಯಲ್ಲೇ ದಾಟುತ್ತಾರೆ, ಏರಿದ್ದರೆ ಹರಿಗೋಲು ಹತ್ತುತ್ತಾರೆ. ಈ ಭಾಗದ ಬಹುಪಾಲು ಜನ ಮೈಯಾರೆ ಬಲ್ಲ ದೋಣಿ ಈ ಹರಿಗೋಲೇ. ಕನಸಿನ ದೋಣಿಯ ವಿಚಾರವೂ ಅಲ್ಲಿಂದಲೇ ಹೊರಡುವುದು ಸರಿ.

ಹರಿಗೋಲನ್ನು ಆಡುಮಾತಿನಲ್ಲಿ ತೆಪ್ಪ ಎನ್ನುವುದೂ ಉಂಟು. ಬಿದಿರಿನ ದಬ್ಬೆಗಳನ್ನು ದುಂಡಗೆ ಹೆಣೆದು ಹೊರಮೈಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇಂಥ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುವಷ್ಟು ಅಗಲ. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು. ಅವನಿಗೆ ವಿಚಿತ್ರವೆನಿಸಿದ್ದು ಅವು ನೆಟ್ಟಗೆ ಹೋಗದೆ ಸದಾ ತಿರುಗುತ್ತಲೇ ಇರುತ್ತವೆ ಎಂಬುದು. ಕಾರಣ ಸರಳ. ಉದ್ದನೆಯ ದೋಣಿಯ ತಳದಲ್ಲಿ ನೀರನ್ನು ಸೀಳುವ ಏಣು ಇರುತ್ತದೆ, ಅದು ದಿಕ್ಕು ಹಿಡಿದು ನಿಲ್ಲಿಸುತ್ತದೆ. ಹರಿಗೋಲಿಗೆ ಅದಿಲ್ಲ. ಒಂದು ಬದಿಯಲ್ಲಿ ಹುಟ್ಟು ಹಾಕಿದರೆ ದೋಣಿ ಮುಂದೆ ಸಾಗುವ ಬದಲು ತಿರುಗುತ್ತದೆ. ಆದ್ದರಿಂದ ಅಂಬಿಗ ಅಂಚಿನಲ್ಲಿ ಕೂತು ಮುಂದಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ತಳ ಚಪ್ಪಟೆಯಾದ್ದರಿಂದ ಮೊಳದಷ್ಟು ನೀರಿದ್ದರೂ ಸಾಕು, ಬಂಡೆಗಳ ನಡುವೆಯೂ ನುಸುಳುತ್ತದೆ.

ಈ ವಿವರ ಕನಸಿನ ಅರ್ಥಕ್ಕೆ ಏಕೆ ಬೇಕು? ಜನಪ್ರಿಯ ಸ್ವಪ್ನಕೋಶಗಳಲ್ಲಿ ದೋಣಿಯೆಂದರೆ ಬದುಕಿನ ಪಯಣ. ಮುಂದೆ ಸಾಗಿದರೆ ಏಳಿಗೆ, ಹಿಂದೆ ಸರಿದರೆ ಸೋಲು, ಸುತ್ತಿದರೆ ದಾರಿ ತಪ್ಪಿದ ಸೂಚನೆ. ಹರಿಗೋಲಿಗೆ ಮುಂದು ಹಿಂದು ಎಂಬುದೇ ಇಲ್ಲ, ಸುತ್ತುತ್ತಲೇ ಆಚೆ ದಡ ಸೇರುವುದು ಅದರ ಸಹಜ ನಡೆ. ಸಂಗಮದಲ್ಲಿ ಹೊಳೆ ದಾಟಿದವನ ಕನಸಿನಲ್ಲಿ ದೋಣಿ ಗಿರಗಿರನೆ ತಿರುಗಿದರೆ, ಬೇರೆಲ್ಲಿಯೋ ಬರೆದ ಕೋಶವನ್ನು ನೋಡಿ ಅವನ ಬದುಕು ದಿಕ್ಕೆಟ್ಟಿದೆ ಎನ್ನುವುದು ಹಾಸ್ಯಾಸ್ಪದ. ಅವನ ಮಿದುಳು ಕಂಡದ್ದನ್ನು ಪ್ರಾಮಾಣಿಕವಾಗಿ ನೆನೆದಿದೆ, ಅಷ್ಟೇ.

ಕನಸಿಗೆ ಫಲ ಹೇಳುವ ಪರಂಪರೆ ಬಹಳ ಹಳೆಯದು. ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ 13ನೇ ಶತಮಾನದ ಸುಮಾರಿನ ಪಪೈರಸ್ ಸುರುಳಿಯೊಂದು ಕನಸುಗಳನ್ನು ಒಳ್ಳೆಯದು, ಕೆಟ್ಟದ್ದು ಎಂದು ವಿಂಗಡಿಸುತ್ತದೆ. ಕೆಟ್ಟದ್ದೆಂಬ ಮಾತನ್ನು ಕೆಂಪು ಶಾಯಿಯಲ್ಲಿ ಬರೆದಿದೆ. ನಮ್ಮಲ್ಲಿ ಪುರಾಣಗಳ ಸ್ವಪ್ನಾಧ್ಯಾಯಗಳಿವೆ. ಇರುಳಿನ ಮೊದಲ ಜಾವದ ಕನಸು ವರ್ಷದೊಳಗೆ, ಎರಡನೆಯದು ಆರು ತಿಂಗಳಲ್ಲಿ, ಮೂರನೆಯದು ಮೂರು ತಿಂಗಳಲ್ಲಿ ಫಲಿಸುತ್ತದೆ, ಬೆಳಗಿನ ಜಾವದ್ದು ಇನ್ನೂ ಬೇಗ ಎಂಬ ಲೆಕ್ಕ ಅಲ್ಲಿಯದೇ. ವೈದ್ಯಗ್ರಂಥಗಳೂ ಹಿಂದೆ ಬಿದ್ದಿಲ್ಲ. ಕದಡಿದ, ಉಕ್ಕೇರಿದ ನದಿ ಸಮುದ್ರಗಳನ್ನು ಕನಸಿನಲ್ಲಿ ದಾಟಿದರೆ ಶುಭ, ರೋಗಿಗೆ ರೋಗ ಬಿಡುತ್ತದೆ ಎನ್ನುತ್ತದೆ ಸುಶ್ರುತ ಸಂಹಿತೆ. ಕಫ ಪ್ರಕೃತಿಯವರಿಗೆ ತಾವರೆ, ಹಂಸಗಳಿರುವ ಚೆಂದದ ಜಲಾಶಯಗಳು ಕನಸಿಗೆ ಬರುತ್ತವೆ ಎಂಬ ಮಾತೂ ಅದರಲ್ಲಿದೆ.

ಇವೆಲ್ಲಕ್ಕಿಂತ ಗಮನಾರ್ಹವಾದದ್ದು ಚರಕ ಸಂಹಿತೆಯ ಇಂದ್ರಿಯಸ್ಥಾನ ಮಾಡುವ ವಿಂಗಡಣೆ. ಕನಸುಗಳು ಏಳು ಬಗೆ: ಕಂಡದ್ದರಿಂದ ಹುಟ್ಟಿದ್ದು, ಕೇಳಿದ್ದರಿಂದ ಹುಟ್ಟಿದ್ದು, ಅನುಭವಿಸಿದ್ದರಿಂದ, ಬಯಸಿದ್ದರಿಂದ, ಕಲ್ಪಿಸಿಕೊಂಡದ್ದರಿಂದ ಹುಟ್ಟಿದ್ದು, ಆಮೇಲೆ ಮುಂದಾಗುವುದನ್ನು ಸೂಚಿಸುವ ಭಾವಿಕ, ದೇಹದ ದೋಷಗಳಿಂದ ಬರುವ ದೋಷಜ. ಮೊದಲ ಐದಕ್ಕೂ ಫಲವಿಲ್ಲ ಎಂದು ಗ್ರಂಥ ನೇರವಾಗಿಯೇ ಹೇಳಿಬಿಡುತ್ತದೆ. ಈ ಅಳತೆಗೋಲು ಹಿಡಿದರೆ, ಭಾನುವಾರ ಸಂಗಮಕ್ಕೆ ಹೋಗಿ ಬಂದವನ ಕನಸಿನ ಹರಿಗೋಲು ‘ಅನುಭೂತ’. ಊರಿನ ಹಿರಿಯರು ಹೇಳಿದ ಪ್ರವಾಹದ ಕಥೆಯಿಂದ ಬಂದದ್ದು ‘ಶ್ರುತ’. ಎರಡಕ್ಕೂ ಫಲ ಹುಡುಕಬೇಕಿಲ್ಲ. ಸ್ವಪ್ನಫಲದ ಪಟ್ಟಿಗಳನ್ನು ಅಚ್ಚು ಹಾಕುವವರು ಈ ಭಾಗವನ್ನು ಉಲ್ಲೇಖಿಸುವುದು ಅಪರೂಪ. ಉಲ್ಲೇಖಿಸಿದರೆ ಪಟ್ಟಿಯ ಬಹುಪಾಲನ್ನು ಅವರೇ ಹೊಡೆದುಹಾಕಬೇಕಾದೀತು.

ಕನ್ನಡ ಮನಸ್ಸಿನಲ್ಲಿ ದೋಣಿ ಸಂಕೇತವಾಗಿ ಗಟ್ಟಿಯಾಗಿ ನೆಲೆ ನಿಂತಿರುವುದು ಸ್ವಪ್ನಶಾಸ್ತ್ರದಿಂದಲ್ಲ, ಭಕ್ತಿಸಾಹಿತ್ಯದಿಂದ. ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಕಾಯಕದಿಂದಲೇ ದೋಣಿ ನಡೆಸುವವನು. ಹದಿನಾರನೇ ಶತಮಾನದ ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ದೇವರೇ ಅಂಬಿಗ, ಒಂಬತ್ತು ತೂತುಗಳಿರುವ ದೇಹವೇ ಹರಿಗೋಲು. ದಾಸರು ಹಡಗನ್ನಾಗಲಿ ನಾವೆಯನ್ನಾಗಲಿ ತರದೆ ಹರಿಗೋಲನ್ನೇ ತಂದಿರುವುದು ಒಳನಾಡಿನ ಅನುಭವಕ್ಕೆ ತಕ್ಕದ್ದು. ರಾಮನ ಹೆಸರು ಹೊತ್ತ ಊರು, ಬೆಟ್ಟಗಳ ಈ ಸೀಮೆಯಲ್ಲಿ ರಾಮನನ್ನು ಗಂಗೆ ದಾಟಿಸಿದ ಗುಹನ ಕಥೆಯೂ ಹರಿಕಥೆ, ನಾಟಕಗಳ ಮೂಲಕ ಮನೆಮಾತು. ಭಜನೆಯಲ್ಲಿ ಸಾವಿರ ಸಲ ಕೇಳಿದ ರೂಪಕ ನಿದ್ದೆಯಲ್ಲೂ ಕೈಗೆ ಸಿಗುವಂತಿರುತ್ತದೆ. ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ 1993ರಲ್ಲಿ ಮಂಡಿಸಿದ ವಾದವೂ ಇದೇ: ಎಚ್ಚರದಲ್ಲಿ ಯೋಚನೆಗೆ ಆಧಾರವಾಗುವ ರೂಪಕಗಳೇ ಕನಸಿಗೂ ಚಿತ್ರ ಒದಗಿಸುತ್ತವೆ. ಸಂಸಾರವನ್ನು ಸಾಗರವೆಂದೂ, ಮಗಳ ಮದುವೆ ಮುಗಿಸಿದ್ದನ್ನು ದಡ ಸೇರಿದ್ದೆಂದೂ, ನಂಬಿದವರು ತೊರೆದದ್ದನ್ನು ನಡುನೀರಿನಲ್ಲಿ ಕೈಬಿಟ್ಟದ್ದೆಂದೂ ದಿನವೂ ಆಡುವವರ ಕನಸಿಗೆ ಸಾಲದ ಚಿಂತೆ ನೀರಿನ ರೂಪದಲ್ಲಿ ಬಂದರೆ ಆಶ್ಚರ್ಯವಿಲ್ಲ.

ಪಶ್ಚಿಮದಲ್ಲಿ ಸಂಕೇತಗಳ ಚರ್ಚೆಗೆ ಹೊಸ ರೂಪ ಕೊಟ್ಟವನು ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್. 1899ರ ಕೊನೆಯಲ್ಲಿ ಹೊರಬಂದು ಮುಖಪುಟದಲ್ಲಿ 1900 ಎಂದು ನಮೂದಾಗಿದ್ದ ಅವನ ಸ್ವಪ್ನವಿಶ್ಲೇಷಣೆಯ ಗ್ರಂಥ ಮುಂದಿನ ಆವೃತ್ತಿಗಳಲ್ಲಿ ಬೆಳೆಯುತ್ತಾ ಹೋದಂತೆ, ಪೆಟ್ಟಿಗೆ, ಬೀರು, ಹಡಗು ಮುಂತಾದ ಟೊಳ್ಳು ವಸ್ತುಗಳನ್ನೆಲ್ಲ ಗರ್ಭದ ಸಂಕೇತವೆಂದು ಕರೆಯಿತು. ದೋಣಿಯೆಂದರೆ ತಾಯಿ ಅಥವಾ ಹೆಣ್ಣು ಎಂದು ಇಂದಿಗೂ ಹೇಳುವವರು ಉಲ್ಲೇಖಿಸುವುದು ಈ ಸಾಲುಗಳನ್ನೇ. ಆದರೆ ಅದೇ ಪುಸ್ತಕದಲ್ಲಿ ಫ್ರಾಯ್ಡ್ ತನ್ನದೇ ಒಂದು ಹಡಗಿನ ಕನಸನ್ನು ಬಿಡಿಸಿದ್ದಾನೆ. ಕಡಲಂಚಿನ ಕೋಟೆ, ಅದರ ಅಧಿಪತಿಯ ಹಠಾತ್ ಸಾವು, ಸಾಲುಗಟ್ಟಿ ಬರುವ ಹಡಗುಗಳು, ಕೊನೆಗೆ ನಡುವೆ ಕತ್ತರಿಸಿದಂತಿರುವ ಪುಟ್ಟ ಹಡಗೊಂದು. ಅದನ್ನು ಕಂಡು ‘ಉಪಾಹಾರದ ಹಡಗು’ ಎಂದು ಕೂಗು. ಇದಕ್ಕೆ ಅವನು ಕೊಟ್ಟ ವಿವರಣೆಯಲ್ಲಿ ಗರ್ಭದ ಮಾತಿಲ್ಲ. ಏಡ್ರಿಯಾಟಿಕ್ ತೀರದಲ್ಲಿ ಖುಷಿಯಾಗಿ ಮಾಡಿದ ಪ್ರವಾಸ, ವಸ್ತುಸಂಗ್ರಹಾಲಯದಲ್ಲಿ ಕಂಡ ಪ್ರಾಚೀನ ಕಪ್ಪು ಪಾತ್ರೆಗಳು, ಸತ್ತವರನ್ನು ದೋಣಿಯಲ್ಲಿಟ್ಟು ಕಡಲಿಗೆ ಬಿಡುವ ಹಳೆಯ ಪದ್ಧತಿ, ತನ್ನ ಸಾವಿನ ನಂತರ ಮನೆಯವರ ಗತಿಯೇನೆಂಬ ಅಳುಕು, ಇವೆಲ್ಲ ಬೆರೆತು ಆ ಹಡಗಾಯಿತು ಎನ್ನುತ್ತಾನೆ. ಸಂಕೇತಗಳ ಪಟ್ಟಿ ಮಾಡಿದವನಿಗೇ ತನ್ನ ಕನಸಿಗೆ ಪಟ್ಟಿ ಸಾಲಲಿಲ್ಲ.

ಕಾರ್ಲ್ ಯೂಂಗ್ ದೋಣಿಯನ್ನು ಇನ್ನೊಂದು ಬಗೆಯಲ್ಲಿ ಕಂಡ. ನೀರು ಅಪ್ರಜ್ಞೆ, ದೋಣಿ ಅದರ ಮೇಲೆ ತೇಲುವ ಪುಟ್ಟ ಪ್ರಜ್ಞೆ, ಸೂರ್ಯ ಪಡುವಣದಲ್ಲಿ ಮುಳುಗಿ ಇರುಳಿಡೀ ಕಡಲೊಳಗೆ ಸಾಗಿ ಮೂಡಣದಲ್ಲಿ ಏಳುವ ಪುರಾಣಕಥೆಗಳಲ್ಲಿ ಮನಸ್ಸಿನ ಮರುಹುಟ್ಟಿನ ಮಾದರಿಯಿದೆ ಎಂದ. ಚೆಲುವಾದ ಚಿತ್ರ, ಹಲವರಿಗೆ ಸಮಾಧಾನವನ್ನೂ ಕೊಟ್ಟಿದೆ. ಸರಿಯೋ ತಪ್ಪೋ ಎಂದು ಪರೀಕ್ಷಿಸುವ ದಾರಿ ಮಾತ್ರ ಇಲ್ಲ.

ಪರೀಕ್ಷೆಯ ದಾರಿ ತೆರೆದದ್ದು 1953ರಲ್ಲಿ. ಷಿಕಾಗೊ ವಿಶ್ವವಿದ್ಯಾಲಯದ ಯೂಜಿನ್ ಅಸೆರಿನ್‌ಸ್ಕಿ ಮತ್ತು ನಥೇನಿಯಲ್ ಕ್ಲೈಟ್‌ಮನ್, ಮಲಗಿದವರ ರೆಪ್ಪೆಯಡಿ ಕಣ್ಣುಗುಡ್ಡೆಗಳು ಆಗಾಗ ಚುರುಕಾಗಿ ಓಡಾಡುವುದನ್ನು ದಾಖಲಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನ ಸಲ ಅವರು ಕನಸು ಹೇಳುತ್ತಿದ್ದರು. ಇದಕ್ಕೆ ರೆಮ್ ನಿದ್ದೆ ಎಂಬ ಹೆಸರು ಬಂತು. ಸುಮಾರು 90 ನಿಮಿಷಕ್ಕೊಮ್ಮೆ ಮರಳಿ ಬರುವ ಈ ಹಂತ ಆರಂಭದಲ್ಲಿ ಕೆಲವೇ ನಿಮಿಷ ಇರುತ್ತದೆ, ಬೆಳಗು ಹತ್ತಿರವಾದಂತೆ ಉದ್ದವಾಗುತ್ತದೆ. ರೆಮ್ ಅಲ್ಲದ ಹಂತಗಳಲ್ಲೂ ಕನಸು ಬೀಳುತ್ತದೆಂದು ಮುಂದೆ ತಿಳಿಯಿತಾದರೂ ಉದ್ದನೆಯ, ಕಥೆಯಂಥ ಕನಸುಗಳು ಹೆಚ್ಚಾಗಿ ಸಿಗುವುದು ರೆಮ್‌ನಲ್ಲೇ. ಬೆಳಗಿನ ಜಾವದ ಕನಸಿಗೆ ಊರಲ್ಲಿ ಅಷ್ಟು ಬೆಲೆ ಏಕೆ ಎಂಬುದಕ್ಕೂ ಇಲ್ಲಿ ಸುಳಿವಿದೆ: ಆಗ ಬೀಳುವ ಕನಸು ಉದ್ದ, ಎಚ್ಚರವೂ ಹತ್ತಿರ, ಹಾಗಾಗಿ ನೆನಪಿನಲ್ಲಿ ಉಳಿಯುತ್ತದೆ. ಉಳಿದ ಕನಸು ತಾನೇ ಮುಂದೊಂದು ದಿನ ನಿಜವಾಯಿತು ಎನಿಸಿಕೊಳ್ಳುವುದು!

ನೀರು ಕನಸಿನೊಳಗೆ ಹೇಗೆ ನುಗ್ಗುತ್ತದೆ ಎಂದು ನೋಡಲು ವಿಲಿಯಂ ಡಿಮೆಂಟ್ ಮತ್ತು ಎಡ್ವರ್ಡ್ ವೋಲ್ಪರ್ಟ್ 1958ರಲ್ಲಿ ಮಾಡಿದ ಪ್ರಯೋಗ ನೇರವಾದದ್ದು. ರೆಮ್ ನಿದ್ದೆಯಲ್ಲಿದ್ದವರ ಮೈಮೇಲೆ ತಣ್ಣೀರು ಚಿಮುಕಿಸಿದರು, ಇನ್ನು ಕೆಲವೊಮ್ಮೆ ಬೆಳಕು ಬಿಟ್ಟರು, ಸದ್ದು ಮಾಡಿದರು. ಬಳಿಕ ಎಬ್ಬಿಸಿ ಕೇಳಿದರು. ನೀರು ಸುಮಾರು 42 ಶೇಕಡಾ ಸಲ, ಬೆಳಕು 23 ಶೇಕಡಾ, ಸದ್ದು 9 ಶೇಕಡಾ ಸಲ ಕನಸಿನ ಕಥೆಯೊಳಗೆ ಸೇರಿಕೊಂಡಿತ್ತು. ಮಳೆಗಾಲದ ರಾತ್ರಿ ಹೆಂಚಿನ ಸಂದಿಯಿಂದ ತೊಟ್ಟಿಕ್ಕಿದ ಹನಿಯೂ ಇದೇ ರೀತಿ ಕನಸಿನ ಕೆರೆಯನ್ನು ತುಂಬಿಸಬಲ್ಲದು.

ದೋಣಿಯ ವಿಷಯದಲ್ಲಿ ನೀರಿಗಿಂತ ಹೆಚ್ಚು ಮಾತಾಡಬೇಕಾದದ್ದು ಓಲಾಟದ ಬಗ್ಗೆ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ, ಜೊತೆಗೆ ಸಣ್ಣ ಹರಳುಗಳಿರುವ ಎರಡು ಚೀಲಗಳಿವೆ. ತಲೆ ತಿರುಗಿದ್ದು, ಓಲಾಡಿದ್ದು, ಮೇಲೆದ್ದದ್ದು ಮಿದುಳಿಗೆ ತಿಳಿಯುವುದು ಇವುಗಳಿಂದ. ಹರಿಗೋಲಿನ ಪಯಣ ಈ ಅಂಗಕ್ಕೆ ಅಪರೂಪದ ಅನುಭವ: ಮೇಲೆ ಕೆಳಗೆ ಓಲುತ್ತಲೇ ಸುತ್ತ ತಿರುಗುವುದು, ದಡವೆಲ್ಲ ಕಣ್ಣೆದುರು ಸುತ್ತು ಹೊಡೆಯುವುದು. ನೆಲಕ್ಕೆ ಇಳಿದ ಮೇಲೂ ಕೆಲಹೊತ್ತು ಮೈ ತೇಲಿದಂತೆಯೇ ಇರುವುದುಂಟು. ರೆಮ್ ನಿದ್ದೆಯಲ್ಲಿ ಮಿದುಳುಕಾಂಡದಿಂದ ಏಳುವ ಸಂಕೇತಗಳು ಸಮತೋಲನಕ್ಕೆ ಸಂಬಂಧಿಸಿದ ನರಕೇಂದ್ರಗಳನ್ನೂ ಎಬ್ಬಿಸುತ್ತವೆ. ಹಾರುವ, ಬೀಳುವ, ತೇಲುವ ಕನಸುಗಳಿಗೆ ಇದೊಂದು ಕಾರಣವೆಂದು ಹಾರ್ವರ್ಡಿನ ಅಲನ್ ಹಾಬ್ಸನ್ ವಾದಿಸಿದ. 1977ರಲ್ಲಿ ರಾಬರ್ಟ್ ಮೆಕಾರ್ಲಿ ಜೊತೆ ಅವನು ಮಂಡಿಸಿದ ಸಿದ್ಧಾಂತದ ತಿರುಳು: ಕೆಳಗಿನಿಂದ ಬಂದ ಅಸ್ತವ್ಯಸ್ತ ಸಂಕೇತಗಳಿಗೆ ಮೇಲಿನ ಮಿದುಳು ತನ್ನಲ್ಲಿರುವ ನೆನಪುಗಳಿಂದ ಕಥೆ ಹೊಂದಿಸುತ್ತದೆ. ಓಲಾಟದ ಸಂಕೇತ ಬಂದಾಗ ಒಬ್ಬರ ಉಗ್ರಾಣದಲ್ಲಿ ಜೋಕಾಲಿ ಸಿಕ್ಕೀತು, ಇನ್ನೊಬ್ಬರದ್ದರಲ್ಲಿ ಹರಿಗೋಲು. ಈ ಸಿದ್ಧಾಂತ ಪೂರ್ಣವಲ್ಲ. ಮಿದುಳಿನ ಗಾಯಗಳನ್ನು ಅಧ್ಯಯನ ಮಾಡಿದ ಮಾರ್ಕ್ ಸೋಮ್ಸ್, ಬಯಕೆ ಮತ್ತು ಪ್ರೇರಣೆಗೆ ಸಂಬಂಧಿಸಿದ ಮುಂಭಾಗದ ನರಮಾರ್ಗ ಹಾಳಾದರೆ ರೆಮ್ ನಿದ್ದೆ ಉಳಿದೂ ಕನಸು ನಿಲ್ಲುತ್ತದೆಂದು ತೋರಿಸಿದ. ಕನಸು ಕಟ್ಟುವುದರಲ್ಲಿ ಮನಸ್ಸಿನ ಬೇಕು ಬೇಡಗಳಿಗೂ ಪಾಲಿದೆ.

ಓಲಾಟಕ್ಕೂ ನಿದ್ದೆಗೂ ಇರುವ ನಂಟು ತೊಟ್ಟಿಲು ತೂಗಿದ ಪ್ರತಿ ತಾಯಿಗೂ ಗೊತ್ತು. 2011ರಲ್ಲಿ ಜಿನೀವಾದ ಸಂಶೋಧಕರು 12 ಗಂಡಸರನ್ನು ನಿಧಾನವಾಗಿ ಓಲಾಡುವ ಮಂಚದಲ್ಲಿ ಮಧ್ಯಾಹ್ನ ಮಲಗಿಸಿದಾಗ ಅವರು ಬೇಗ ನಿದ್ದೆಹೋದರು. 2019ರಲ್ಲಿ ಇಡೀ ರಾತ್ರಿ ಹೀಗೆ ಮಲಗಿದವರಲ್ಲಿ ಗಾಢನಿದ್ದೆ ಹೆಚ್ಚಿ, ಹಿಂದಿನ ಸಂಜೆ ಕಲಿತ ಪದಜೋಡಿಗಳ ನೆನಪೂ ಸುಧಾರಿಸಿತ್ತು.

ಹಗಲಿನ ಕೆಲಸ ನಿದ್ದೆಗೆ ಇಳಿಯುವುದನ್ನು ತೋರಿಸಿಕೊಟ್ಟದ್ದು ರಾಬರ್ಟ್ ಸ್ಟಿಕ್‌ಗೋಲ್ಡ್ ತಂಡ. 2000ದಲ್ಲಿ ಅವರು ಕೆಲವರಿಗೆ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟ ಆಡಿಸಿದರು. ಕಣ್ಣು ಜೋಂಪು ಹತ್ತುವಾಗ ಹಲವರಿಗೆ ಬೀಳುವ ಇಟ್ಟಿಗೆಯಾಕಾರಗಳೇ ಕಂಡವು. ಮಿದುಳಿಗೆ ಪೆಟ್ಟಾಗಿ ಹೊಸ ನೆನಪು ಉಳಿಯದ ರೋಗಿಗಳಿಗೂ ಕಂಡವು. ಆಟ ಆಡಿದ್ದೇ ಅವರಿಗೆ ನೆನಪಿರಲಿಲ್ಲ. ರಾಮನಗರದಲ್ಲಿ ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡುಗಳಿಂದ ದಿನವಿಡೀ ನೂಲು ತೆಗೆಯುವವರಿಗೆ, ಚನ್ನಪಟ್ಟಣದಲ್ಲಿ ಅರಗಿನ ಬೊಂಬೆಗಾಗಿ ಮರ ಕಡೆಯುವವರಿಗೆ ನಿದ್ದೆಯಂಚಿನಲ್ಲಿ ಅದೇ ನೀರು, ಅದೇ ತಿರುಗಾಟ ಕಾಣುವುದು ಈ ತರ್ಕಕ್ಕೆ ಒಪ್ಪುತ್ತದೆ. ತೇಲುವ ಗೂಡು ಕನಸಿನಲ್ಲಿ ದೋಣಿಯಾದರೆ ಅದನ್ನು ಮೋಕ್ಷಮಾರ್ಗವೆಂದು ಓದುವ ಮುನ್ನ ಕಸುಬನ್ನು ವಿಚಾರಿಸುವುದು ಒಳ್ಳೆಯದು. ಎರಡನೇ ಶತಮಾನದ ಗ್ರೀಕ್ ಸ್ವಪ್ನವಿವರಕಾರ ಆರ್ಟೆಮಿಡೋರಸ್ ಕೂಡ ಕನಸು ಕಂಡವನ ವೃತ್ತಿ, ಸ್ಥಿತಿಗತಿ ತಿಳಿಯದೆ ಫಲ ಹೇಳಬಾರದೆಂದು ಎಚ್ಚರಿಸಿದ್ದ. ಅನುಭವ ಕನಸಿಗೆ ಮರಳುವುದಕ್ಕೆ ಒಂದು ಲಯವೂ ಇದೆ: ಆ ರಾತ್ರಿಯೇ ಬರುವ ಸಾಧ್ಯತೆ ಹೆಚ್ಚು, ನಂತರ ಇಳಿಮುಖವಾಗಿ, ಸುಮಾರು ಐದರಿಂದ ಏಳು ದಿನಕ್ಕೆ ಮತ್ತೆ ಏರುತ್ತದೆ. ಭಾನುವಾರದ ಹರಿಗೋಲು ಮುಂದಿನ ಶನಿವಾರ ಕನಸಿಗೆ ಬಂದರೆ ಅದು ಶಕುನವಲ್ಲ.

ಹಾಗಾದರೆ ಅರ್ಥವೇ ಇಲ್ಲವೇ? ಅಮೆರಿಕದ ಕ್ಯಾಲ್ವಿನ್ ಹಾಲ್ ಸಾವಿರಾರು ಕನಸುಗಳನ್ನು ಕಲೆಹಾಕಿ, ಪಾತ್ರ, ಸ್ಥಳ, ಭಾವನೆ, ವಸ್ತುಗಳನ್ನು ಎಣಿಸುವ ಕ್ರಮವನ್ನು 1966ರಲ್ಲಿ ರಾಬರ್ಟ್ ವ್ಯಾನ್ ಡಿ ಕ್ಯಾಸಲ್ ಜೊತೆ ಪ್ರಕಟಿಸಿದ. ಈ ಎಣಿಕೆಗಳಿಂದ ಮೂಡಿದ ಮುಖ್ಯ ಅರಿವು, ಎಚ್ಚರದ ಕಾಳಜಿಗಳೇ ಕನಸಿನಲ್ಲೂ ಮುಂದುವರಿಯುತ್ತವೆ ಎಂಬುದು. ವಸ್ತುವಿಗಿಂತ ಭಾವನೆ ಹೆಚ್ಚು ನಂಬಿಕೆಯ ಸುಳಿವು. ಅರ್ನೆಸ್ಟ್ ಹಾರ್ಟ್‌ಮನ್ ಆಘಾತಕ್ಕೊಳಗಾದವರ ಕನಸುಗಳಲ್ಲಿ ಇದನ್ನು ಸ್ಪಷ್ಟವಾಗಿ ಗುರುತಿಸಿದ: ಬೆಂಕಿ ಅನಾಹುತದಿಂದ ಪಾರಾದವನಿಗೆ ಕನಸಿನಲ್ಲಿ ಬೆಂಕಿಯೇ ಬರಬೇಕಿಲ್ಲ, ದಡದಲ್ಲಿ ನಿಂತವನನ್ನು ಕೊಚ್ಚಿಕೊಂಡು ಹೋಗುವ ದೈತ್ಯ ಅಲೆ ಬರಬಹುದು. ಅಲೆ ಅವನ ಅಸಹಾಯಕತೆಗೆ ಸಿಕ್ಕ ಚಿತ್ರ. ಈ ಬೆಳಕಿನಲ್ಲಿ ನೋಡಿದರೆ ಒಂದೇ ಹರಿಗೋಲು ಒಬ್ಬಳಿಗೆ ಗಂಡನ ಮನೆಗೆ ಹೊರಟ ಅಳುಕು, ಇನ್ನೊಬ್ಬನಿಗೆ ಸಾಲ ತೀರಿದ ನಿರಾಳ. ಕಾವೇರಿ ಕಿರಿದಾದ ಕಲ್ಲುಕೊರಕಲಿನಲ್ಲಿ ನುಗ್ಗುವ ಮೇಕೆದಾಟಿನಲ್ಲಿ ಸುಳಿಗೆ ಸಿಕ್ಕಿ ಜೀವ ಕಳೆದುಕೊಂಡವರು ಅನೇಕ. ಅಂಥ ಸಾವು ಕಂಡ ಮನೆಯವರಿಗೆ ದೋಣಿಯ ಕನಸು ಮೂರನೆಯದೇ ಆಗಿರುತ್ತದೆ. ಫಿನ್ಲೆಂಡಿನ ಆಂಟಿ ರೆವೊನ್ಸುವೊ 2000ದಲ್ಲಿ ಸೂಚಿಸಿದ ಸಿದ್ಧಾಂತದ ಪ್ರಕಾರ ಕನಸು ಅಪಾಯಗಳ ತಾಲೀಮು; ಮಗುಚುವ ದೋಣಿಯ ಕನಸುಗಳಿಗೆ ಅದು ಹೊಂದುತ್ತದೆ, ಹುಣ್ಣಿಮೆಯಲ್ಲಿ ತೇಲುವ ದೋಣಿಗೆ ಹೊಂದುವುದಿಲ್ಲ.

ಯಂತ್ರಗಳು ಅರ್ಥದ ಪ್ರಶ್ನೆಗೆ ಹೆಚ್ಚು ನೆರವಾಗಿಲ್ಲ. 2013ರಲ್ಲಿ ಕ್ಯೋಟೊದ ಯೂಕಿಯಾಸು ಕಮಿತಾನಿ ತಂಡ ನಿದ್ದೆಗೆ ಜಾರುತ್ತಿದ್ದ ಮೂವರ ಮಿದುಳನ್ನು ಸ್ಕ್ಯಾನ್ ಮಾಡಿ, ಅವರು ಕಾಣುತ್ತಿರುವುದು ಯಾವ ವರ್ಗದ ವಸ್ತು ಎಂದು ಆಕಸ್ಮಿಕ ಊಹೆಗಿಂತ ಚೆನ್ನಾಗಿ ಹೇಳಿತು. ಕಂಡದ್ದೇನೆಂದು ಹೇಳಬಹುದು, ಅದು ಅವರಿಗೇನೆಂದು ಅವರನ್ನೇ ಕೇಳಬೇಕು.

ಫಲ ಹುಡುಕುವ ಒಲವಂತೂ ಗಟ್ಟಿ. ಕ್ಯಾರಿ ಮೋರ್ವೆಜ್ ಮತ್ತು ಮೈಕೆಲ್ ನಾರ್ಟನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನಸುಗಳಲ್ಲಿ ಅಡಗಿದ ಸತ್ಯವಿದೆಯೆಂದ ವಿದ್ಯಾರ್ಥಿಗಳು ಅಮೆರಿಕದಲ್ಲಿ 56 ಶೇಕಡಾ, ದಕ್ಷಿಣ ಕೊರಿಯಾದಲ್ಲಿ 65, ಭಾರತದಲ್ಲಿ 74. ತಮ್ಮ ಆಸೆಗೆ ಒಪ್ಪುವ ಕನಸನ್ನು ಜನ ಹೆಚ್ಚು ಅರ್ಥಪೂರ್ಣವೆಂದು ಎಣಿಸುತ್ತಾರೆಂಬುದೂ ಅಲ್ಲಿ ಕಂಡುಬಂತು. ದಾಟಬೇಕೆಂದು ಮೊದಲೇ ನಿರ್ಧರಿಸಿದವನಿಗೆ ದೋಣಿಯ ಕನಸು ಶುಭಸೂಚನೆ. ಮನಸ್ಸಿಲ್ಲದವನಿಗೆ ಬರೀ ಕನಸು.

ಮುಳುಗುವ ದೋಣಿಯ ದುಃಸ್ವಪ್ನ ಮತ್ತೆ ಮತ್ತೆ ಬಂದು ನಿದ್ದೆ ಕೆಡಿಸಿದರೆ ಅರ್ಥ ಹುಡುಕುವುದಕ್ಕಿಂತ ಕಥೆ ಬದಲಿಸುವುದು ಹೆಚ್ಚು ಫಲಕಾರಿ. ಹಗಲಿನಲ್ಲಿ ಆ ಕನಸನ್ನು ಬರೆದು, ಬೇಕಾದಂತೆ ತಿದ್ದಿ, ದೋಣಿ ದಡ ಸೇರಿತೆಂದೋ ನೀರು ಮೊಣಕಾಲಷ್ಟೇ ಇತ್ತೆಂದೋ ಮಾಡಿಕೊಂಡು, ಹೊಸ ರೂಪವನ್ನು ದಿನವೂ ಕೆಲ ನಿಮಿಷ ಮನಸ್ಸಿನಲ್ಲಿ ನಡೆಸಿಕೊಳ್ಳುವುದು ಇದರ ಕ್ರಮ. ಬ್ಯಾರಿ ಕ್ರಾಕೋ ತಂಡ 2001ರಲ್ಲಿ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದಾಗ ದುಃಸ್ವಪ್ನಗಳು ಕಡಿಮೆಯಾಗಿ ನಿದ್ದೆ ಸುಧಾರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಇಂಥ ತೊಂದರೆಗಳಿಗೆ ತಜ್ಞರ ಸಲಹೆ ಸಿಗುತ್ತದೆ.

ಕನಸನ್ನು ವೈದ್ಯರ ಬಳಿಗೆ ಒಯ್ಯಲೇಬೇಕಾದ ಸಂದರ್ಭ ಇನ್ನೊಂದಿದೆ. ರೆಮ್ ನಿದ್ದೆಯಲ್ಲಿ ಮಿದುಳುಕಾಂಡ ಸ್ನಾಯುಗಳನ್ನು ಸಡಿಲಗೊಳಿಸಿ ಮೈಯನ್ನು ಕಟ್ಟಿಹಾಕಿರುತ್ತದೆ. ಕನಸಿನ ಅಂಬಿಗ ಎಷ್ಟೇ ಹುಟ್ಟು ಹಾಕಿದರೂ ಹಾಸಿಗೆಯ ಮೇಲಿನ ಕೈ ಅಲುಗದು. ಕೆಲವರಲ್ಲಿ, ಹೆಚ್ಚಾಗಿ ಐವತ್ತು ದಾಟಿದ ಗಂಡಸರಲ್ಲಿ, ಈ ಕಟ್ಟು ಸಡಿಲವಾಗುತ್ತದೆ. ನಿದ್ದೆಯಲ್ಲೇ ಕೈ ಬೀಸುವುದು, ಒದೆಯುವುದು, ಕೂಗುವುದು, ಮಂಚದಿಂದ ಬೀಳುವುದು ಶುರುವಾಗುತ್ತದೆ. 1986ರಲ್ಲಿ ಮಿನ್ನೆಸೋಟದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದರು. ಇಂಥವರಲ್ಲಿ ಅನೇಕರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಅಥವಾ ಅದಕ್ಕೆ ಹತ್ತಿರದ ನರರೋಗ ಕಾಣಿಸಿಕೊಳ್ಳುತ್ತದೆಂದು ಮುಂದೆ ತಿಳಿಯಿತು. ರಾತ್ರಿಯಿಡೀ ಮಿದುಳಿನ ಅಲೆ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತವನ್ನು ದಾಖಲಿಸುವ ನಿದ್ದೆಯ ಪರೀಕ್ಷೆಯಿಂದ ಇದು ಖಚಿತವಾಗುತ್ತದೆ. ಮಂಚದ ಸುತ್ತಲಿನ ಚೂಪು ವಸ್ತುಗಳನ್ನು ತೆಗೆದು, ವೈದ್ಯರ ಸಲಹೆಯಂತೆ ಮೆಲಟೋನಿನ್ ಅಥವಾ ಕ್ಲೊನಾಜೆಪಾಮ್ ಕೊಟ್ಟು ಹತೋಟಿಗೆ ತರುತ್ತಾರೆ. ರೋಗಿ ಕಂಡದ್ದು ದೋಣಿಯೋ ಜಗಳವೋ ಎಂಬುದು ಈ ಪರೀಕ್ಷೆಗೆ ಮುಖ್ಯವಲ್ಲ. ರಾತ್ರಿ ಏನು ನಡೆಯಿತೆಂದು ಪಕ್ಕದಲ್ಲಿ ಮಲಗಿದವರು ಹೇಳುವುದು ಮುಖ್ಯ. ಆದ್ದರಿಂದ ವೈದ್ಯರು ಅವರನ್ನೂ ಜೊತೆಗೆ ಕರೆತರಲು ಹೇಳುತ್ತಾರೆ.